ಕಛೇರಿಯ ‘ಕಡತ’ ಉಳಿಸಿ, ಕಂಪ್ಯೂಟರಿನ ‘ಕಡತ’ವನ್ನು ‘ಫೈಲ್’ ಮಾಡಿದ್ದು

ಕಛೇರಿಯ ಕಡತಗಳು ಯಾರ ಮೇಜಿನ ಮೇಲಿವೆ ಅಂತ ತೋರಿಸುವ ಒಂದು ಆ್ಯಪ್. ಅದರ ಕನ್ನಡ ಪಠ್ಯವೆಲ್ಲ ಒಂದೇ ಜೇಸನ್ ಫೈಲಿನಲ್ಲಿತ್ತು (ಪ್ರೋಗ್ರಾಂ ಓದುವ ಸಾದಾ ಪಠ್ಯದ ಫೈಲ್). ಮೇಲಿನ ಭಾಗದಲ್ಲಿ ‘ಕಡತ ಸಂಖ್ಯೆ’, ‘ಕಡತ ವಿಲೇವಾರಿ’ ಇಂಥವು. ಅಲ್ಲಿ ಕಡತ ಅಂದರೆ ದಾರ ಕಟ್ಟಿದ ಕಾಗದದ ಕಟ್ಟು, ಅದು ಹಾಗೇ ಇರಬೇಕು. ಕೆಳಗೆ ಪಿಡಿಎಫ್, ಫೋಟೊ ಅಪ್‌ಲೋಡ್ ಮಾಡುವ ಭಾಗ. ಅಲ್ಲೂ ‘ಕಡತ’ ಅಂತಲೇ ಬರೆದಿದ್ದರಿಂದ ಬಳಸುವವರಿಗೆ ಗೊಂದಲ. ಅಲ್ಲಿ ಮಾತ್ರ ‘ಫೈಲ್’ ಮಾಡುವ ಕೆಲಸ ನನಗೆ ಬಂತು.

ಇಡೀ ಫೈಲಿಗೆ ‘ರಿಪ್ಲೇಸ್ ಆಲ್’ (ಎಲ್ಲ ಕಡೆ ಒಮ್ಮೆಗೇ ಬದಲಿಸು) ಕೊಡುವ ಹಾಗಿಲ್ಲ. ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನಲ್ಲಿ ಅಪ್‌ಲೋಡ್ ಭಾಗದ ಮೊದಲ ಸಾಲಿನಲ್ಲಿ ಕ್ಲಿಕ್ ಮಾಡಿದೆ. ಕೆಳಗೆ ಹೋಗಿ ಶಿಫ್ಟ್ ಹಿಡಿದು ಕೊನೆಯ ಸಾಲಿನಲ್ಲಿ ಕ್ಲಿಕ್ ಮಾಡಿದೆ. ನಡುವಿನದ್ದೆಲ್ಲ ಆಯ್ಕೆಯಾಯಿತು. ಆಮೇಲೆ ಕಂಟ್ರೋಲ್+ಎಚ್, ಹುಡುಕಿ ಬದಲಿಸುವ ಪೆಟ್ಟಿಗೆ ತೆರೆದ ಮೇಲೆ ಆಲ್ಟ್+ಎಲ್, ಅಂದರೆ ‘ಆಯ್ದ ಭಾಗದ ಗಡಿಯೊಳಗೆ ಮಾತ್ರ ಹುಡುಕು’ ಅಂತ. (ಮ್ಯಾಕ್‌ನಲ್ಲಿ ಆಪ್ಷನ್+ಕಮಾಂಡ್+ಎಫ್, ಆಮೇಲೆ ಆಪ್ಷನ್+ಕಮಾಂಡ್+ಎಲ್.) ಆಯ್ದ ಭಾಗದ ಹಿನ್ನೆಲೆ ಬೇರೆ ಬಣ್ಣಕ್ಕೆ ತಿರುಗುತ್ತದೆ, ಹುಡುಕಿದ ಪದ ಎಷ್ಟು ಕಡೆ ಸಿಕ್ಕಿತು ಅಂತ ಪಕ್ಕದಲ್ಲಿ ತೋರಿಸುವ ಎಣಿಕೆ ತಟ್ಟನೆ ಇಳಿಯುತ್ತದೆ. ನಾನು ನಂಬುವುದು ಈ ಎಣಿಕೆಯನ್ನೇ. ಅದು ಇಳಿಯದಿದ್ದರೆ ಆಯ್ಕೆ ಹತ್ತಿಲ್ಲ ಅಂತ ಅರ್ಥ.

ಒಮ್ಮೆ ಹೀಗೆ ಮಾಡಿದ ಮೇಲೆ ಬೇರೆಲ್ಲಿ ಕ್ಲಿಕ್ ಮಾಡಿದರೂ ಆ ಗಡಿ ಹಾಗೇ ಉಳಿಯುತ್ತದೆ. ಕಣ್ಣೆದುರೇ ಇರುವ ಪದಕ್ಕೆ ‘ಸಿಗಲಿಲ್ಲ’ ಅಂತ ಬಂದರೆ ಬಹಳ ಸಲ ಇದೇ ಕಾರಣ. ಎಸ್ಕೇಪ್ ಒತ್ತಿ ಪೆಟ್ಟಿಗೆ ಮುಚ್ಚಿದರೆ ಗಡಿಯೂ ಹೋಗುತ್ತದೆ. ಹಲವು ಸಾಲು ಆಯ್ದಾಗಲೆಲ್ಲ ತಾನಾಗಿಯೇ ಗಡಿ ಹಾಕಿಕೊಳ್ಳುವ ಸೆಟ್ಟಿಂಗ್ ಕೂಡ ಇದೆ, ‘ಆಟೋ ಫೈಂಡ್ ಇನ್ ಸೆಲೆಕ್ಷನ್’ ಅಂತ. ಅದಕ್ಕೆ ‘ಮಲ್ಟಿಲೈನ್’ ಕೊಟ್ಟರೆ ಆಯಿತು. ನಾನು ಹಾಕಿಕೊಂಡಿಲ್ಲ, ಗಡಿ ಯಾವಾಗ ಬೇಕು ಅಂತ ನಾನೇ ಹೇಳುವುದು ನನಗಿಷ್ಟ.

ಇಷ್ಟು ಸುಲಭದ ಭಾಗ. ನಿಜವಾದ ಕೆಲಸ ಇರೋದು ಕನ್ನಡದ ವಿಭಕ್ತಿಯಲ್ಲಿ. ಸುಮ್ನೆ ‘ಕಡತ’ ತೆಗೆದು ‘ಫೈಲ್’ ಹಾಕಿದರೆ ‘ಕಡತಕ್ಕೆ’ ಹೋಗಿ ‘ಫೈಲ್ಕ್ಕೆ’ ಆಗುತ್ತದೆ. ಓದಲಿಕ್ಕೂ ಆಗಲ್ಲ, ಅಲ್ವಾ? ಹಾಗಾಗಿ ಪ್ರತ್ಯಯ ಹತ್ತಿದ ರೂಪಗಳು ಮೊದಲು, ಬರೀ ಪದ ಕೊನೆಗೆ. ‘ಕಡತವನ್ನು’ ಇದ್ದಲ್ಲಿ ‘ಫೈಲನ್ನು’, ‘ಕಡತಕ್ಕೆ’ ಇದ್ದಲ್ಲಿ ‘ಫೈಲ್‌ಗೆ’. ‘ಕಡತಗಳ’ ಇದ್ದಲ್ಲಿ ‘ಫೈಲ್‌ಗಳ’ ಕೊಟ್ಟರೆ ಗಳು, ಗಳನ್ನು, ಗಳಲ್ಲಿ ಎಲ್ಲವೂ ಒಂದೇ ಏಟಿಗೆ ಸರಿಹೋಗುತ್ತವೆ. ‘ಕಡತದ’ ಇದ್ದಲ್ಲಿ ‘ಫೈಲ್‌ನ’ ಕೊಟ್ಟಾಗ ‘ಕಡತದಿಂದ’ ಕೂಡ ‘ಫೈಲ್‌ನಿಂದ’ ಆಯಿತು. ಎಡಿಟರ್‌ಗೆ ‘ದಿ’ ಅನ್ನೋದು ಒಂದು ಅಕ್ಷರ ಅಲ್ಲ. ‘ದ’ ಬೇರೆ, ಅದಕ್ಕೆ ಹತ್ತಿದ ‘ಇ’ಕಾರದ ಗುಣಿಸು ಬೇರೆ. ‘ದ’ ಹೋದ ಜಾಗಕ್ಕೆ ‘ನ’ ಬಂತು, ಗುಣಿಸು ಅಲ್ಲೇ ಉಳಿಯಿತು.

ಕೊನೆಗೆ ಉಳಿದ ಬರೀ ‘ಕಡತ’ಕ್ಕೆ ಆಲ್ಟ್+ಡಬ್ಲ್ಯೂ ಒತ್ತಿ ‘ಪೂರ್ತಿ ಪದ ಮಾತ್ರ’ ಅಂತ ಹೇಳಿದೆ. ಇದು ಕನ್ನಡಕ್ಕೂ ಸರಿಯಾಗಿ ನಡೆಯುತ್ತದೆ. ಆದರೆ ಇದೇ ಕೆಲಸಕ್ಕೆ, ಅಂದರೆ ಪದದ ಅಂಚು ಗುರುತಿಸಲು, ಮಾದರಿ ಕೊಟ್ಟು ಹುಡುಕುವ ರೆಜೆಕ್ಸ್‌ನಲ್ಲಿ ಬ್ಯಾಕ್‌ಸ್ಲ್ಯಾಶ್-ಬಿ ಬರೆದರೆ ನಡೆಯಲ್ಲ. ವಿಎಸ್ ಕೋಡ್ ಬಳಸುವ ಜಾವಾಸ್ಕ್ರಿಪ್ಟ್‌ನ ರೆಜೆಕ್ಸ್ ಅದನ್ನು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಂಡರ್‌ಸ್ಕೋರ್ ಲೆಕ್ಕದಲ್ಲಷ್ಟೇ ನೋಡುತ್ತದೆ.

ಇನ್ನೊಂದು ಕಣ್ಣಿಗೆ ಕಾಣದ್ದು. ‘ಫೈಲ್‌ಗಳ’ ಅನ್ನುವಲ್ಲಿ ‘ಲ್’ ಆದ ಮೇಲೆ ಒಂದು ಅದೃಶ್ಯ ಅಕ್ಷರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಅದಿಲ್ಲದಿದ್ದರೆ ‘ಗ’ ಹೋಗಿ ಒತ್ತಕ್ಷರವಾಗಿ ‘ಫೈಲ್ಗಳ’ ಆಗುತ್ತದೆ. ಹುಡುಕುವಾಗಲೂ ಅಷ್ಟೇ, ಅದರ ಜೊತೆ ಬರೆದ ‘ಸಾಫ್ಟ್‌ವೇರ್’, ಅದಿಲ್ಲದ ‘ಸಾಫ್ಟ್ವೇರ್’ ಎರಡೂ ಎಡಿಟರ್‌ಗೆ ಬೇರೆ ಬೇರೆ. ಸರಿಯಾಗಿ ಬರೆದ ಪದವನ್ನು ಕಾಪಿ ಮಾಡಿ ಬದಲಿ ಪೆಟ್ಟಿಗೆಯಲ್ಲಿ ಅಂಟಿಸುವುದು ನನ್ನ ರೂಢಿ.

ವಿಮ್ ಎಂಬ ಎಡಿಟರ್ ಬಳಸುವ ಗೆಳೆಯರಿಗೆ ಒಂದು ಮಾತು. ಅಲ್ಲಿ ವಿಶುವಲ್ ಮೋಡ್‌ನಲ್ಲಿ ಆಯ್ದು ಕೋಲನ್ ಒತ್ತಿದರೆ ಗಡಿ ತಾನಾಗಿ ಬರುತ್ತದೆ. ಆದರೆ ಅದು ಇಡೀ ಸಾಲುಗಳಿಗೆ ಅನ್ವಯ, ಸಾಲಿನ ಅರ್ಧ ಆಯ್ದಿದ್ದರೂ ಕೂಡ. ಆ ಅರ್ಧಕ್ಕೆ ಮಾತ್ರ ಬೇಕಿದ್ದರೆ ಹುಡುಕುವ ಪದದ ಮುಂಚೆ ಬ್ಯಾಕ್‌ಸ್ಲ್ಯಾಶ್, ಪರ್ಸೆಂಟ್, ದೊಡ್ಡ ವಿ ಹಾಕಬೇಕು.

ಇಷ್ಟಾದರೂ ‘ಕಡತವಿದ್ದರೆ’, ‘ಕಡತವೊಂದು’ ಅನ್ನುವಂಥವು ಅಲ್ಲಲ್ಲಿ ಉಳಿದವು. ಅವನ್ನು ಕೈಯಲ್ಲೇ ತಿದ್ದಿದೆ. ಕಮಿಟ್ ಮಾಡುವ (ಬದಲಾವಣೆ ದಾಖಲಿಸುವ) ಮುಂಚೆ, ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ತೋರಿಸುವ ಗಿಟ್ ಡಿಫ್ ತೆರೆದು ಬದಲಾದ ಸಾಲುಗಳನ್ನು ಓದಿದೆ. ಮೇಲಿನ ಭಾಗದ ಒಂದು ಸಾಲೂ ಅದರಲ್ಲಿ ಇರಲಿಲ್ಲ.