ಹಿತ್ತಲಿಗೆ ಗಿಡ್ಡ ಹುಂಜ ತರುವ ಮುನ್ನ

ಬ್ಯಾಂಟಮ್ ಅಂದರೆ ಗಿಡ್ಡ ತಳಿಯ ಕೋಳಿ. ಮುದ್ದಾಗಿದೆ ಅಂತ ಒಂದು ಹುಂಜ ತಂದು, ಮಟಮಟ ಮಧ್ಯಾಹ್ನ ಹಳೇ ಹೇಂಟೆಗಳ ನಡುವೆ ಬಿಟ್ಟುಬಿಡುವವರನ್ನು ನೋಡಿ ನೋಡಿ ಸಾಕಾಗಿದೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಅರ್ಧ ಗಂಟೆಯಲ್ಲಿ ನಾನು ತಂದ ಸಿಲ್ಕಿ (ರೇಷ್ಮೆಯಂಥ ಪುಕ್ಕದ ತಳಿ) ಹುಂಜದ ಜುಟ್ಟೆಲ್ಲ ರಕ್ತ. ಕುಕ್ಕಿದ್ದು ಇನ್ನೊಂದು ಹುಂಜವಲ್ಲ, ನಮ್ಮ ನಾಟಿ ಹೇಂಟೆ.

1. ಆರಿಸುವುದು. ಸಿಲ್ಕಿ, ಕೊಚಿನ್ ಬ್ಯಾಂಟಮ್ ಸಾಮಾನ್ಯವಾಗಿ ಸಾಧು. ಸೆಬ್ರೈಟ್ ತಳಿಗೆ ಪುಕ್ಕಲುತನ ಜಾಸ್ತಿ, ಕೈಗೆ ಸಿಗದೆ ಮಾವಿನ ಕೊಂಬೆ ಏರಿ ಕೂರುತ್ತದೆ. ಕಾಳಗದ ತಳಿಯ ಗಿಡ್ಡ ಹುಂಜ ಮಕ್ಕಳಿರುವ ಮನೆಗೆ ಬೇಡವೇ ಬೇಡ. ಅಂಗಡಿಯವರು ಎರಡು ತಿಂಗಳ ಮರಿ ತೋರಿಸಿ 'ತುಂಬಾ ಸಾಧು' ಅನ್ನುತ್ತಾರೆ. ಆ ವಯಸ್ಸಲ್ಲಿ ಎಲ್ಲವೂ ಸಾಧುವೇ! ಬುದ್ಧಿ ತಿರುಗುವುದು ನಾಲ್ಕರಿಂದ ಆರು ತಿಂಗಳಲ್ಲಿ. ಹಾಗಾಗಿ ಎಂಟು ತಿಂಗಳು ದಾಟಿದ್ದನ್ನೇ ತನ್ನಿ. ತರುವ ಮುಂಚೆ ಅದರ ಮುಂದೆ ಒಂದು ಹಿಡಿ ಜೋಳ ಎರಚಿ. ಒಳ್ಳೆಯ ಹುಂಜ ಕಾಳು ಎತ್ತಿ, ಕೆಳಗೆ ಹಾಕಿ, 'ಕೊಕ್ ಕೊಕ್' ಅಂತ ಹೇಂಟೆಯನ್ನು ಕರೆಯುತ್ತದೆ. ರೆಕ್ಕೆ ಇಳಿಬಿಟ್ಟು ನಿಮ್ಮ ಕಾಲಿನ ಸುತ್ತ ಓರೆಯಾಗಿ ಸುತ್ತುವುದಾದರೆ ಅಲ್ಲೇ ಬಿಟ್ಟು ಬನ್ನಿ.

2. ದೂರ ಇಡುವುದು. ಮೂರು ವಾರ ಬೇರೆ ಕಡೆ ಕಟ್ಟಿ. ಹೇನು, ಸೀನು, ರಾಣಿಕೆಟ್ (ಕೋಳಿಗಳ ಅಂಟುರೋಗ) ಲಸಿಕೆ ನೋಡಿಕೊಳ್ಳಿ.

3. ಜಾಲರಿಯಾಚೆ ಪರಿಚಯ. ಎಲ್ಲರೂ ಎಡವುವುದು ಇಲ್ಲೇ. ಅರ್ಧ ಇಂಚಿನ ವೆಲ್ಡ್ ಮೆಶ್ ಅಡ್ಡ ಹಾಕಿ, ವಾರದಿಂದ ಹತ್ತು ದಿನ ಎರಡೂ ಕಡೆಯವರು ಬರೀ ನೋಡಿಕೊಳ್ಳಲಿ. ಅಗಲ ಕಣ್ಣಿನ ಚೈನ್‌ಲಿಂಕ್ ಅಗ್ಗ ಅಂತ ಹಾಕಬೇಡಿ, ಗಿಡ್ಡ ಕೋಳಿ ಅದರಲ್ಲಿ ತಲೆ ತೂರಿಸಿ ಏಟು ತಿನ್ನುತ್ತದೆ. ಮೇವಿನ ಬಟ್ಟಲನ್ನು ಜಾಲರಿಗೆ ಅಂಟಿಸಿದಂತೆ ಎರಡೂ ಬದಿಗೆ ಇಡಿ. ಅಕ್ಕಪಕ್ಕ ತಿಂದು ಅಭ್ಯಾಸವಾಗಲಿ.

ಈ ದಿನಗಳಲ್ಲಿ ಹೇಂಟೆಗಳನ್ನೂ ಗಮನಿಸಿ. ಕತ್ತಿನ ಪುಕ್ಕ ಕೆದರಿಕೊಂಡು ಪದೇ ಪದೇ ಜಾಲರಿಗೆ ನುಗ್ಗುವುದು ಯಾವುದು? ಆಮೇಲೆ ತೊಂದರೆ ಕೊಡುವುದು ಅದೇ. ಉಪಾಯ ಹೇಳ್ತೀನಿ: ಹೊಸ ಹುಂಜವನ್ನು ಬಿಡುವ ಹೊತ್ತಿಗೆ ಆ ಜಗಳಗಂಟಿಯನ್ನು ನಾಲ್ಕೈದು ದಿನ ಕಣ್ಣಿಗೆ ಕಾಣದ ಕಡೆ ಇಡಿ. ವಾಪಸ್ ಬಂದಾಗ ಅವಳೇ ಹೊಸಬಳು. ಅರ್ಧ ಗತ್ತು ಇಳಿದಿರುತ್ತದೆ.

ಕಾವಿಗೆ ಕೂತ ಹೇಂಟೆ ಇದ್ದರೆ ಈ ಲೆಕ್ಕವೆಲ್ಲ ತಲೆಕೆಳಗು. ಎಲ್ಲರ ಕೈಲೂ ಕುಕ್ಕಿಸಿಕೊಳ್ಳುವ ಸಿಲ್ಕಿ ಹೇಂಟೆಯೂ ಮೊಟ್ಟೆ ಮೇಲೆ ಕೂತರೆ ಮಾರಿಯಾಗುತ್ತಾಳೆ. 21 ದಿನ ಕಳೆದು ಮರಿ ಹೊರಗೆ ಬಂದು ಸ್ವಲ್ಪ ಬಲಿಯುವವರೆಗೆ ಅವಳ ಗೂಡೇ ಬೇರೆ ಇರಲಿ.

ಸಿಲ್ಕಿಗೆ ಕಣ್ಣಿನ ಮೇಲೆ ಇಳಿದ ಜುಟ್ಟಿನ ಪುಕ್ಕ ಕತ್ತರಿಸಿ. ಪಕ್ಕದಿಂದ ಬರುವ ಏಟು ಕಾಣದೆ ಅದು ಸುಮ್ನೆ ಬೆಚ್ಚುತ್ತದೆ. ಅಂದ ಹಾಳಾಗುತ್ತೆ ಅನ್ನುವವರು ಗಾಯಕ್ಕೆ ಮುಲಾಮು ಹಚ್ಚುತ್ತಾ ಕೂರಬಹುದು.

4. ಸೇರಿಸುವುದು. ಕತ್ತಲಾದ ಮೇಲೆ ಒಯ್ದು ಗೂಡಿನ ಅಡ್ಡಗೋಲಿನ ಮೇಲೆ ಕೂರಿಸಿ. ಬೆಳಕು ಹರಿಯುವ ಮುಂಚೆ ನೀವು ಅಲ್ಲಿರಬೇಕು. ಎರಡು ಕಡೆ ಮೇವು, ಎರಡು ಕಡೆ ನೀರು, ಓಡಿ ಅವಿತುಕೊಳ್ಳಲು ಗೋಡೆಗೊರಗಿಸಿದ ಒಂದು ಹಲಗೆ. ಎದೆಗೆ ಎದೆ ಕೊಟ್ಟು ಒಂದು ಸುತ್ತು ಹಾರಿ, ಒಂದು ತಲೆ ತಗ್ಗಿಸಿದರೆ ಅದು ಜಗಳವಲ್ಲ, ಲೆಕ್ಕ ಚುಕ್ತಾ. ತಲೆ ತಗ್ಗಿಸಿದ ಮೇಲೂ ಅಟ್ಟಿಸಿಕೊಂಡು ಹೋಗಿ ಮೂಲೆಗೆ ಒತ್ತಿ ಕುಕ್ಕಿದರೆ ಬಿಡಿಸಿ. ರಕ್ತ ಕಂಡರೆ ಆ ಕ್ಷಣವೇ ಬೇರೆ ಮಾಡಿ, ಕೆಂಪು ಕಂಡಲ್ಲಿ ಎಲ್ಲವೂ ಕುಕ್ಕುತ್ತವೆ. ಕುಕ್ಕದಂತೆ ತಡೆಯುವ ಸ್ಪ್ರೇ ಅಂತ ಒಂದು ಸಿಗುತ್ತೆ. ನಾನು ತಂದಿದ್ದೆ, ನಮ್ಮ ಹೇಂಟೆಗಳು ಅದನ್ನೂ ರುಚಿ ನೋಡಿದವು.

5. ನಿಮ್ಮ ಮೇಲೇ ಹಾರಿದರೆ. ಒದೆಯಬೇಡಿ, ಓಡಲೂಬೇಡಿ. ಒದ್ದರೆ ಅದಕ್ಕೆ ಕಾಳಗದ ಹುರುಪು, ಓಡಿದರೆ ಗೆದ್ದ ಹುರುಪು. ಹಿಡಿದು ಕಂಕುಳಲ್ಲಿ ಒತ್ತಿಕೊಂಡು ಹತ್ತು ನಿಮಿಷ ನಿಮ್ಮ ಕೆಲಸ ನೋಡಿಕೊಳ್ಳಿ. ಮಕ್ಕಳ ಮೇಲೆ ಎರಡನೇ ಸಲ ಹಾರಿದ್ದನ್ನು ಮಾತ್ರ ನಾನು ಇಟ್ಟುಕೊಳ್ಳುವುದಿಲ್ಲ. ಮುಕ್ಕಾಲು ಕೆ.ಜಿ. ಕೋಳಿ, ಸಾರಿಗೆ ಹಾಕಿದರೂ ಬರೀ ಮೂಳೆ.