ಪದ್ಮಿನಿಯ ಹೊಟ್ಟೆಯೊಳಗಿನ ತುಕ್ಕು: ನಾನು ಮಾಡಿಕೊಂಡ ಕೆಲಸ

ಹಳೇ ಕಾರಿನವರು ಸಾಮಾನ್ಯವಾಗಿ ಪೇಂಟ್ ಮೇಲೆ ಗುಳ್ಳೆ ಎದ್ದ ಮೇಲೆ ತುಕ್ಕಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಬಾಗಿಲ ಕೆಳಗಿನ ಅಂಚಿನಲ್ಲೋ, ಬಾಗಿಲಡಿಯ ಉದ್ದ ಪಟ್ಟಿಯಾದ ಸಿಲ್ ಮೇಲೋ ಗುಳ್ಳೆ ಕಂಡರೆ ತುಕ್ಕು ಆಗಷ್ಟೇ ಶುರುವಾಗಿದೆ ಅಂತಲ್ಲ. ಒಳಗಿನಿಂದ ತಗಡು ತಿಂದು ಮುಗಿಸಿ ಹೊರಗೆ ಬಂದಿದೆ ಅಂತ. ಅದರ ಮೇಲೆ ಉಜ್ಜಿ, ಪುಟ್ಟಿ ಮೆತ್ತಿ, ಪೇಂಟ್ ಹೊಡೆಸಿದರೆ ಒಂದೆರಡು ಮಳೆಗಾಲ ಚೆಂದ ಕಾಣುತ್ತದೆ, ಅಷ್ಟೇ. ಪುಟ್ಟಿಯೂ ನೀರು ಹೀರುತ್ತದೆ.

ನನ್ನದು ಪ್ರೀಮಿಯರ್ ಪದ್ಮಿನಿ ಕಾರು. ಅದರ ಪೊಳ್ಳು ಭಾಗಗಳನ್ನು ತೊಳೆದು ಒಣಗಿಸಿ, ಒಳಗೆ ತುಕ್ಕು ತಡೆಯುವ ಮೇಣ ಹೊಡೆದ ಕತೆ ಇದು. ಮನೆ ಕುಂದಾಪುರದ ಕಡೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಜುಲೈ ತಿಂಗಳಲ್ಲಿ ಆ ರಸ್ತೆಯಲ್ಲಿ ಹೋಗಿ ಬಂದರೆ ಗಾಜಿನ ಮೇಲೆ ಉಪ್ಪಿನ ಪೊರೆ ಕೂತಿರುತ್ತದೆ. ಗಾಜಿನ ಮೇಲೆ ಕೂತದ್ದು ಕಾರಿನ ಒಳಗೂ ಹೋಗಿರುತ್ತದೆ, ಅಲ್ವಾ?

ಪದ್ಮಿನಿಗೆ ಜೀಪಿನ ಹಾಗೆ ಬೇರೆ ಚಾಸಿ, ಅಂದರೆ ಅಡಿಯ ಚೌಕಟ್ಟು, ಇಲ್ಲ. ಬಾಡಿಯೇ ಎಲ್ಲ ಭಾರ ಹೊರುತ್ತದೆ. ಮಡಚಿದ ತಗಡುಗಳನ್ನು ಒಂದಕ್ಕೊಂದು ಸೇರಿಸಿ, ಅಂಚಿಗೆ ಸ್ಪಾಟ್ ವೆಲ್ಡಿಂಗ್ ಮಾಡಿ ಪೊಳ್ಳು ಪೆಟ್ಟಿಗೆ ಮಾಡಿರುತ್ತಾರೆ. ಬಾಗಿಲ ಕೆಳಗೆ ಉದ್ದಕ್ಕೂ ಇರುವ ಸಿಲ್, ನೆಲದ ಅಡಿಯ ಅಡ್ಡಪಟ್ಟಿಗಳು, ಎಂಜಿನ್ ಅಕ್ಕಪಕ್ಕದ ಉದ್ದ ತೊಲೆಗಳು, ಬಾಗಿಲ ಕಂಬಗಳು ಎಲ್ಲ ಹೀಗೇ. ಈಗಿನ ಕಾರಿನ ಬಾಡಿಯನ್ನು ಇಡಿಯಾಗಿ ಪ್ರೈಮರ್ ತೊಟ್ಟಿಯಲ್ಲಿ ಅದ್ದಿ ಕರೆಂಟ್ ಹಾಯಿಸುತ್ತಾರೆ. ಪೊಳ್ಳಿನ ಒಳಗೂ ಪದರ ಕೂರುತ್ತದೆ. ನನ್ನ ಕಾರಿನ ಸಿಲ್ ಒಳಗೆ ಇಣುಕಿದರೆ ಅರ್ಧಕ್ಕರ್ಧ ಬರೀ ತಗಡು.

ಅಲ್ಲಿಗೆ ನೀರು ಬರುವ ದಾರಿ ಹಲವು. ಮಳೆ, ಚಕ್ರ ಎರಚುವ ಕೆಸರು, ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಸೋರಿ ಕಾರ್ಪೆಟ್ ಅಡಿಯ ಫೆಲ್ಟ್ ಸೇರುವ ನೀರು. ಇದ್ಯಾವುದೂ ಇಲ್ಲದಿದ್ದರೂ ರಾತ್ರಿ ತಗಡು ತಣ್ಣಗಾದಾಗ ನಮ್ಮೂರಿನ ತೇವದ ಗಾಳಿ ಒಳಗೇ ಹನಿಯಾಗುತ್ತದೆ. ಎರಡು ತಗಡು ಸೇರುವ ಸಂದಿಗೆ ಆ ನೀರು ತಾನಾಗಿ ಏರಿ ಕೂರುತ್ತದೆ. ಮೊದಲು ಕೊಳೆಯುವುದು ಆ ಸಂದಿಯೇ.

ಕಾರು ಯಾವ ಸ್ಥಿತಿಯಲ್ಲಿದೆ ಅಂತ ನೋಡಲು ಎರಡು ಸುಲಭ ಪರೀಕ್ಷೆ ಇವೆ. ಸ್ಕ್ರೂಡ್ರೈವರ್ ಹಿಡಿಯಿಂದ ಸಿಲ್ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಪುಟ್ಟಿಯೋ ತುಕ್ಕಿನ ಪುಡಿಯೋ ತುಂಬಿದ್ದರೆ ದಬ್ ಅನ್ನುತ್ತದೆ. ಇನ್ನೊಂದು, ಜ್ಯಾಕ್ ಇಡುವ ಜಾಗದಲ್ಲಿ ಕಾರು ಎತ್ತಿ ಬಾಗಿಲು ತೆರೆದು ಮುಚ್ಚಿ ನೋಡಿ. ನೆಲದ ಮೇಲಿದ್ದಾಗ ಸಲೀಸಾಗಿ ಹಾಕಿಕೊಳ್ಳುವ ಬಾಗಿಲು ಎತ್ತಿದಾಗ ಲಾಕ್‌ಗೆ ಕೂರದಿದ್ದರೆ ಸಿಲ್ ಭಾರ ಹೊರುತ್ತಿಲ್ಲ. ಅಂಥ ಕಾರಿಗೆ ಮೇಣ ಹೊಡೆಯುವುದು ದಂಡ. ಮೊದಲು ಟಿಂಕರಿಂಗ್ ಶಾಪಿಗೆ ಹೋಗಬೇಕು, ಕೊಳೆತ ತಗಡು ಕತ್ತರಿಸಿ ಹೊಸದು ಕೂರಿಸಬೇಕು. ನನ್ನ ಕಾರಿನ ಎಡಗಡೆಯ ಸಿಲ್ ಹಿಂದಿನ ಚಕ್ರದ ಹತ್ತಿರ ಹೀಗೇ ಆಗಿತ್ತು. ಟಿಂಕರ್ ಕತ್ತರಿಸಿ ನೋಡಿ, “ಒಳಗೆ ಎಂಥದೂ ಇಲ್ಲ ಮಾರಾಯ್ರೆ, ಬರೀ ಪುಡಿ” ಅಂದರು. ವೆಲ್ಡಿಂಗ್ ಕೆಲಸವೆಲ್ಲ ಮೇಣಕ್ಕಿಂತ ಮೊದಲೇ ಮುಗಿಯಬೇಕು. ಮೇಣ ಹೊಡೆದ ಸಿಲ್‌ಗೆ ಗ್ಯಾಸ್ ಹಿಡಿದರೆ ಒಳಗೇ ಬೆಂಕಿ ಹತ್ತುತ್ತದೆ.

ತುಕ್ಕು ತಡೆಯಲು ಒಳಗೆ ಹೊಡೆಯುವ ಔಷಧಿ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ಅದು ಕಡೆಯ ಮಾತು. ಮುಕ್ಕಾಲು ಪಾಲು ಕೆಲಸ ಇರುವುದು ನೀರು ಹೋಗುವ ತೂತು ಬಿಡಿಸುವುದರಲ್ಲಿ, ಒಳಗನ್ನು ಒಣಗಿಸುವುದರಲ್ಲಿ. ಸಿಲ್ ಅಡಿಯಲ್ಲಿ, ಬಾಗಿಲ ಕೆಳ ಅಂಚಿನಲ್ಲಿ ಕಂಪನಿಯವರೇ ತೂತು ಬಿಟ್ಟಿರುತ್ತಾರೆ. ಹಳೇ ಕಾರಿನಲ್ಲಿ ಅವು ಕಣ್ಣಿಗೇ ಬೀಳುವುದಿಲ್ಲ. ಯಾರೋ ಯಾವತ್ತೋ ಅಡಿಗೆ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಹೊಡೆಯುವಾಗ ತೂತುಗಳನ್ನೂ ಸೇರಿಸಿ ಮುಚ್ಚಿರುತ್ತಾರೆ. ಈ ಡಾಂಬರು ಕೋಟಿಂಗ್ ಮೇಲೆ ನನಗೆ ಸಿಟ್ಟಿದೆ. ಒಳಗೆ ತೇವ ಇಟ್ಟು ಹೊರಗೆ ಮುಚ್ಚುವುದು ಎಂಥ ರಕ್ಷಣೆ?

ನಾನು ಗಟ್ಟಿ ತಂತಿ ತುದಿ ಬಗ್ಗಿಸಿಕೊಂಡು ಒಂದೊಂದೇ ತೂತು ಕೆದಕಿದೆ. ಒಳಗಿಂದ ಉದುರಿದ್ದು ಒಣ ಕೆಸರು, ಎಲೆ ಚೂರು, ಬಿಸ್ಕತ್ತಿನ ಹಾಗೆ ಪದರ ಪದರ ಎದ್ದ ತುಕ್ಕು. ಆಮೇಲೆ ಒಳಗನ್ನು ನಳ್ಳಿ ಪೈಪಿನಲ್ಲಿ ಸಿಹಿನೀರು ಬಿಟ್ಟು ತೊಳೆದೆ. ತುಕ್ಕು ಹೋಗಬೇಕೆಂದರೆ ತೊಳೆಯುವುದು ಯಾಕೆ ಅಂತ ಪಕ್ಕದ ಮನೆಯವರು ನಕ್ಕರು. ಆದರೆ ಉಪ್ಪು ಒಳಗೇ ಉಳಿದರೆ ಮೇಣದ ಅಡಿಯಲ್ಲೂ ಅದು ತೇವ ಎಳೆಯುತ್ತಲೇ ಇರುತ್ತದೆ. ಕೆಳಗೆ ಬರುವ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಆಮೇಲೆ ಕಂಪ್ರೆಸರ್ ಗಾಳಿ. ಆಮೇಲೆ ಬಿಸಿಲು, ಬಾಗಿಲೆಲ್ಲ ತೆರೆದು, ಕಾರ್ಪೆಟ್ ಕಿತ್ತು ಹಾಕಿ. ಅದಕ್ಕೇ ಇದು ಏಪ್ರಿಲ್ ಕೆಲಸ. ಮೇ ಕಡೆಗೆ ಮುಂದೂಡಿದರೆ ಮುಂಗಾರು ಮುಂಚಿನ ಮಳೆ ಬಂದು ಎಲ್ಲ ಹಾಳು. ಒಣಗಿದೆಯೋ ಇಲ್ಲವೋ ನೋಡಲು ಫೋನಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ ಸಾಕು, ಆನ್‌ಲೈನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಒದ್ದೆ ತುಕ್ಕು ಅದರಲ್ಲಿ ಕಡುಕಂದು ಬಣ್ಣಕ್ಕೆ ಮಿನುಗುತ್ತದೆ. ಒಣಗಿದ್ದು ಕೆಂಪು ಮಣ್ಣಿನ ಬಣ್ಣ.

ಇನ್ನು ಔಷಧಿ. ಸುಟ್ಟ ಎಂಜಿನ್ ಆಯಿಲ್ ಹೊಡೆಯಿರಿ ಅನ್ನುವವರು ಊರಿಗೊಬ್ಬರು ಸಿಗುತ್ತಾರೆ. ಬೇಡ. ಅದರಲ್ಲಿ ಆಸಿಡ್ ಅಂಶ ಸೇರಿರುತ್ತದೆ, ಚರ್ಮಕ್ಕೆ ಕೆಟ್ಟದ್ದು, ರಬ್ಬರ್ ಬುಶ್ ಉಬ್ಬಿಸುತ್ತದೆ, ಸೋರಿ ಬಾವಿಯ ನೀರಿಗೆ ಇಳಿಯುತ್ತದೆ. ನಮ್ಮ ಕಡೆ ದೋಣಿಗೆ ಹಚ್ಚುತ್ತಿದ್ದ ಬೂತಾಯಿ ಮೀನಿನ ಎಣ್ಣೆ ತಮಾಷೆಯ ಮಾತಲ್ಲ. ಅಮೆರಿಕದ ರಸ್ಟ್-ಓಲಿಯಂ ಕಂಪನಿ 1921ರಲ್ಲಿ ಶುರುವಾದದ್ದೇ ಮೀನೆಣ್ಣೆಯಿಂದ ಮಾಡಿದ ಪೇಂಟ್ ಇಟ್ಟುಕೊಂಡು. ಆದರೆ ಆ ವಾಸನೆಯ ಕಾರಿನಲ್ಲಿ ಮನೆಯವರು ಕೂರುವುದಿಲ್ಲ, ಬೆಕ್ಕುಗಳು ಮಾತ್ರ ಬಂದು ಕೂರುತ್ತವೆ. ತುಕ್ಕನ್ನು ಗಟ್ಟಿ ಪದರವಾಗಿಸುವ ಆಸಿಡ್ ದ್ರವ, ಅಂದರೆ ರಸ್ಟ್ ಕನ್ವರ್ಟರ್, ಹೊರಗಿನ ತೆಳು ತುಕ್ಕಿಗೆ ಸರಿ. ಪೊಳ್ಳಿನ ಒಳಗೆ ಎಲ್ಲಿ ತಾಗಿತು ಅಂತ ಗೊತ್ತಾಗುವುದಿಲ್ಲ, ಉಳಿದ ಆಸಿಡ್ ತೊಳೆಯಲೂ ಆಗುವುದಿಲ್ಲ.

ನಾನು ಬಳಸಿದ್ದು ಕ್ಯಾವಿಟಿ ವ್ಯಾಕ್ಸ್. ಮೇಣ, ತುಕ್ಕು ತಡೆಯುವ ಅಂಶ, ತೆಳುವಾಗಿಸುವ ಸಾಲ್ವೆಂಟ್ ಸೇರಿಸಿದ ದ್ರವ. ಹೊಡೆದಾಗ ನೀರಿನಂತೆ ಸಂದಿಗೆ ಹರಿಯುತ್ತದೆ, ಸಾಲ್ವೆಂಟ್ ಆರಿದ ಮೇಲೆ ಜಿಗುಟಾದ ಪೊರೆ ಉಳಿಯುತ್ತದೆ. ಗಟ್ಟಿಯಾಗಿ ಬಿರುಕು ಬಿಡುವ ಜಾತಿ ಬೇಡ, ಮೆತ್ತಗೆ ಉಳಿಯುವುದೇ ಬೇಕು. ಹಾಗಂತ ತೀರಾ ತೆಳು ಎಣ್ಣೆಯೂ ಆಗದು. ಬಿಸಿಲಲ್ಲಿ ನಿಂತ ಕಾರಿನ ತಗಡು ಕೈ ಇಡಲಾಗದಷ್ಟು ಕಾಯುತ್ತದೆ, ಎಲ್ಲ ಇಳಿದು ಹೋಗುತ್ತದೆ. ಡಬ್ಬಿಯ ಮೇಲೆ ಎಷ್ಟು ಬಿಸಿ ತಡೆಯುತ್ತದೆ ಅಂತ ಬರೆದಿರುತ್ತದೆ, ಅದನ್ನು ನೋಡಿ ತನ್ನಿ.

ಸ್ಪ್ರೇ ಕ್ಯಾನ್ ಜೊತೆ ಬರುವ ಗಿಡ್ಡ ನಳಿಕೆ ಸಿಲ್‌ಗೆ ಸಾಲುವುದಿಲ್ಲ. ಕಂಪ್ರೆಸರ್‌ಗೆ ಹಾಕುವ ಅಂಡರ್‌ಬಾಡಿ ಗನ್‌ಗೆ 6 ಮಿ.ಮೀ. ನೈಲಾನ್ ಟ್ಯೂಬ್ ಕೂರಿಸಿದೆ. ಸಿಲ್‌ಗಿಂತ ಉದ್ದ ಇರಬೇಕು. ಟ್ಯೂಬಿನ ತುದಿಯನ್ನು ಲೈಟರ್‌ನಲ್ಲಿ ಬಿಸಿ ಮಾಡಿ, ಇಕ್ಕುಳದಲ್ಲಿ ಒತ್ತಿ ಮುಚ್ಚಿದೆ. ತುದಿಯಿಂದ ಸ್ವಲ್ಪ ಹಿಂದೆ ಸುತ್ತಲೂ ಕಾದ ಸೂಜಿಯಲ್ಲಿ ಚುಚ್ಚಿದೆ. ಆಗ ಮೇಣ ಮುಂದಕ್ಕೆ ಹಾರದೆ ಸುತ್ತ ಎಲ್ಲ ಕಡೆ ಹೋಗುತ್ತದೆ. ಟ್ಯೂಬ್ ಮೇಲೆ ಸಿಲ್ ಉದ್ದಕ್ಕೆ ಇನ್ಸುಲೇಶನ್ ಟೇಪ್ ಗುರುತು ಹಾಕಿಕೊಂಡರೆ ಕೊನೆ ಮುಟ್ಟಿತೋ ಇಲ್ಲವೋ ಗೊತ್ತಾಗುತ್ತದೆ. ಮೊದಲು ರಟ್ಟಿನ ಪೆಟ್ಟಿಗೆಯೊಳಗೆ ಹೊಡೆದು ನೋಡಿ, ನಾಲ್ಕೂ ಗೋಡೆ ಒದ್ದೆಯಾಗಬೇಕು.

ಟ್ಯೂಬನ್ನು ಕೊನೆಯವರೆಗೆ ತಳ್ಳಿ, ಗನ್ ಒತ್ತಿ ಹಿಡಿದು, ನಿಧಾನಕ್ಕೆ ಹಿಂದೆ ಎಳೆಯುವುದು. ಅವಸರ ಮಾಡಬಾರದು. ಸಂದಿಗಳಿಂದ ಮೇಣ ಜಿನುಗಿ ಹೊರಗೆ ಬಂದರೆ ತಾಗಬೇಕಾದಲ್ಲಿ ತಾಗಿದೆ ಅಂತ ಅರ್ಥ. ಸಾಧ್ಯವಾದಷ್ಟೂ ಇರುವ ತೂತುಗಳನ್ನೇ ಬಳಸಿದೆ. ಕಾರ್ಪೆಟ್ ಅಡಿಯ ರಬ್ಬರ್ ಬಿರಡೆ, ಸೀಟ್ ಬೆಲ್ಟ್ ಬೋಲ್ಟಿನ ಜಾಗ, ಬಾಗಿಲ ಒಳಹಲಗೆ ಬಿಚ್ಚಿದಾಗ ಕಾಣುವ ಕಿಂಡಿಗಳು. ಎಲ್ಲೂ ದಾರಿ ಇಲ್ಲದ ಕಡೆ ಮಾತ್ರ ಡ್ರಿಲ್. ಅದಕ್ಕೂ ಮೊದಲು ಆಚೆ ಬದಿಯಲ್ಲಿ ವೈರಿಂಗ್, ಬ್ರೇಕ್ ಪೈಪ್, ಪೆಟ್ರೋಲ್ ಪೈಪ್ ಇದೆಯಾ ಅಂತ ಕೈ ಹಾಕಿ ನೋಡಬೇಕು. ಕೊರೆದ ಅಂಚಿಗೆ ಪ್ರೈಮರ್ ಹಚ್ಚಿ ರಬ್ಬರ್ ಬಿರಡೆ ಹಾಕಬೇಕು. ಬಾಗಿಲೊಳಗೆ ಹೊಡೆಯುವಾಗ ಗಾಜು ಪೂರ್ತಿ ಮೇಲಿರಲಿ. ಬ್ಯಾಟರಿ ವೈರ್ ತೆಗೆದಿಡಿ, ಹತ್ತಿರ ಬೀಡಿ ಸಿಗರೇಟು ಬೇಡ. ಆವಿಗೆ ಬೆಂಕಿ ಬೇಗ ಹತ್ತುತ್ತದೆ.

ಕೆಲಸ ಮುಗಿದ ಮೇಲೆ ನೆಲಕ್ಕೆ ಹಳೇ ಪೇಪರ್ ಹಾಸಿ ಬಿಟ್ಟೆ. ಹನಿಯುವುದು ನಿಂತ ಮೇಲೆ ಮತ್ತೆ ತಂತಿ ತೆಗೆದುಕೊಂಡು ಕೆಳಗಿನ ತೂತುಗಳನ್ನೆಲ್ಲ ಬಿಡಿಸಿದೆ. ಇದನ್ನು ಬಿಟ್ಟರೆ ಮೇಣವೇ ತೂತು ಮುಚ್ಚಿ, ನಾವೇ ಕಾಸು ಕೊಟ್ಟು ನೀರಿಗೆ ತೊಟ್ಟಿ ಕಟ್ಟಿಸಿದ ಹಾಗಾಗುತ್ತದೆ. ಬಾಗಿಲಿಗೆ ಇದು ಇನ್ನೂ ಮುಖ್ಯ. ಗಾಜಿನ ಪಕ್ಕದಿಂದ ಅಲ್ಲಿಗೆ ಮಳೆನೀರು ಇಳಿದೇ ಇಳಿಯುತ್ತದೆ.

ಈಗ ಪ್ರತಿ ವರ್ಷ ದೀಪಾವಳಿ ಹೊತ್ತಿಗೆ, ಮಳೆ ಮುಗಿದ ಮೇಲೆ, ಕ್ಯಾಮೆರಾ ಇಳಿಸಿ ನೋಡುತ್ತೇನೆ. ಸಿಲ್ ಒಳಗಿನ ಪೊರೆ ಹಾಗೇ ಇದೆ. ಬಾಗಿಲ ಕೆಳ ಮಡಿಕೆಯಲ್ಲಿ ಮಾತ್ರ ಹರಿಯುವ ನೀರಿಗೆ ತೆಳುವಾಗುತ್ತದೆ. ಅಲ್ಲಿಗೆ ಮುಂದಿನ ಏಪ್ರಿಲ್‌ನಲ್ಲಿ ಕ್ಯಾನಿನಿಂದಲೇ ಇನ್ನೊಂದು ಸಲ ಹೊಡೆಯುತ್ತೇನೆ. ಪ್ಲಾಸ್ಟಿಕ್ ಕವರ್ ಹೊದಿಸುವುದನ್ನು ನಿಲ್ಲಿಸಿದೆ. ಅದರೊಳಗೆ ಕಾರು ಬೆವರುತ್ತದೆ. ಮಾಡಿನಡಿ ಗಾಳಿಯಾಡುವಂತೆ ಸುಮ್ನೆ ನಿಲ್ಲಿಸುತ್ತೇನೆ. ಟಿಂಕರ್ ಹತ್ತಿರ ಬೇರೆ ಕೆಲಸಕ್ಕೆ ಕಾರು ಹೋದಾಗ ಒಳಗೆ ಮೇಣ ಇದೆ ಅಂತ ಮೊದಲೇ ಹೇಳಿ, ಎರಡೂ ಸಿಲ್ ಮೇಲೆ ಒಂದು ಚೀಟಿ ಅಂಟಿಸಿಯೇ ಕಳಿಸುತ್ತೇನೆ.