ಮರಿಗೆ ಹಿಡಿದು ಗೆರೆ ಹುಡುಕಿದ್ದು

ಕೊಡಗಿನಲ್ಲಿ ಅದಿರು ಹುಡುಕಿದ ಮೊದಲ ಎರಡು ವರ್ಷ ಶುದ್ಧ ದಂಡ. ಬೆಟ್ಟ ಎತ್ತರ ಇದ್ದಲ್ಲಿ ಅದಿರು ಇರುತ್ತೆ ಅಂತ ತಲೆಯಲ್ಲಿ ಕೂತಿತ್ತು. ಭಾಗಮಂಡಲದ ಕಡೆಯ ತೋಡುಗಳಿಂದ, ಅಂದರೆ ಸಣ್ಣ ಹಳ್ಳಗಳಿಂದ, ಇಪ್ಪತ್ತು ಪೊಟ್ಟಣ ಮರಳು ಲ್ಯಾಬಿಗೆ ಕಳಿಸಿದೆ, ಚಿನ್ನ ನೋಡಿ ಅಂತ. ಮೂವತ್ತು ಸಾವಿರದ ಹತ್ತಿರ ಕೈಬಿಟ್ಟಿತು. ಉತ್ತರ ಇಪ್ಪತ್ತಕ್ಕೂ ಒಂದೇ: ಇಲ್ಲ. ತಳದಲ್ಲಿ ಮಿನುಗಿದ್ದೆಲ್ಲ ಕಾಗೆಬಂಗಾರ. "ಏನ್ ಭಾವ, ಹೊಳೆ ತೊಳೆದು ಮುಗೀತಾ?" ಅಂತ ಸುಂಟಿಕೊಪ್ಪದ ಭಾವ ಮದುವೆ ಮನೆಯಲ್ಲೂ ಬಿಡಲಿಲ್ಲ.

ಈಗ ನಿಂತಿರೋ ಘಟ್ಟಕ್ಕೂ ಅದಿರಿಗೂ ನೇರ ಸಂಬಂಧವೇ ಇಲ್ಲ ಅಂತ ಹೊಳೆದದ್ದು ಆಮೇಲೆ. ಘಟ್ಟದ ಅಂಚು ಭಾರತದಿಂದ ಮಡಗಾಸ್ಕರ್ ಬೇರೆಯಾದ ನಂತರದ್ದು, ಒಂಬತ್ತು ಕೋಟಿ ವರ್ಷದ ಈಚಿನ ಮಾತು. ಕೊಡಗಿನ ಕಲ್ಲಿಗೆ 300 ಕೋಟಿ ದಾಟಿದೆ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ತಾಮ್ರ ಕೆಲವೇ ಕಿಲೋಮೀಟರ್ ಆಳದಲ್ಲಿ ಹುಟ್ಟಿತು, ಬೆಟ್ಟ ಎಳೆಯದು, ಇನ್ನೂ ಉಳಿದಿದೆ. ನಮ್ಮಲ್ಲಿ ಮೇಲಿನದೆಲ್ಲ ತೊಳೆದುಹೋಗಿ ಹಳೇ ಬೆಟ್ಟದ ಬೇರು ಹೊರಬಂದಿದೆ. ಕೋಲಾರ, ಹಟ್ಟಿಯ ಚಿನ್ನವೂ ಹಸಿರುಶಿಲೆ ಅನ್ನೋ ಹಳೇ ಕಲ್ಲಿನ ಪಟ್ಟಿಯೊಳಗೆ, ನೆಲದ ಎರಡು ಭಾಗ ಒಂದಕ್ಕೊಂದು ಉಜ್ಜಿ ಕಲ್ಲು ನುರಿದ ಗೆರೆ ಹಿಡಿದೇ ಕೂತದ್ದು. ಹಾಗಾದರೆ ನಾನು ಮೊದಲು ಹುಡುಕಬೇಕಾದ್ದು ಲೋಹವನ್ನಲ್ಲ, ಗೆರೆಯನ್ನು. ಮಡಿಕೇರಿ ಮೇಲೆ ಹಾಯುವ ಅಂಥದ್ದೇ ಒಂದು ಕಲ್ಲು ನುರಿದ ಪಟ್ಟಿ ನಕ್ಷೆಯಲ್ಲಿದೆ, ನಿಜ. ಆದರೆ ಕಾಫಿ ತೋಟ, ಮುರಕಲ್ಲಿನ ಕೆಳಗೆ ಅದರ ಅಂಚು ಎಲ್ಲಿ?

ಗದಗಿನ ಕಪ್ಪತಗುಡ್ಡದ ಜಾಲಗಾರರು ಹಳ್ಳದ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದವರು. ಅವರ ದಾರಿಯೇ ನನಗೂ ಸಾಕಾಯಿತು, ಎಣಿಸಿದ್ದು ಮಾತ್ರ ಬೇರೆ. ತೋಟದವರನ್ನು ಕೇಳಿಕೊಂಡು, ಪಟ್ಟಿಗೆ ಅಡ್ಡವಾಗಿ ಹೆಚ್ಚುಕಡಿಮೆ ಅರ್ಧ ಕಿಲೋಮೀಟರಿಗೊಂದು ತೋಡು, ತೋಡಿಗೆ ಮೂರು ಮರಿಗೆ (ಮರಳು ತೊಳೆಯುವ ಬೋಗುಣಿ) ಮರಳು. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಪ್ಪು ಕಾಳು ಎತ್ತಿದರೆ ಕೆಂಪು ಗಾರ್ನೆಟ್ಟೂ ನೀಲಿಛಾಯೆಯ ಕಯನೈಟ್ ಅನ್ನೋ ಖನಿಜದ ಚೂರೂ ಉಳಿಯುತ್ತವೆ. ಗೆರೆಯ ಆಚೀಚೆ ಕಲ್ಲು ಬದಲಾದರೆ ತೋಡಿನ ಕಾಳೂ ಬದಲಾಗಬೇಕು. ಲೆನ್ಸಿನಡಿ ನೂರು ಕಾಳು ಎಣಿಸೋದು, ಬರೆಯೋದು, ಅಷ್ಟೇ. ಯಾವ ತಿರುವಿನ ಯಾವ ಕಲ್ಲಿನ ಸಂದಿಯಿಂದ ಮರಳು ತೆಗೀಬೇಕು ಅನ್ನೋದನ್ನು ಇಲ್ಲಿ ಹೇಳೋಲ್ಲ. ಅದಕ್ಕೆ ನನ್ನ ಎರಡು ಮಳೆಗಾಲ ಹೋಗಿದೆ.

2018ರ ಭೂಕುಸಿತದಲ್ಲಿ ಎಲ್ಲೆಲ್ಲಿನ ಮಣ್ಣೋ ತೋಡಿಗಿಳಿದು ಹಳೇ ಲೆಕ್ಕ ಅರ್ಧ ಹಾಳಾಯಿತು. ಮೊದಲಿಂದ ಶುರು. ನಡುವೆ ನಾನೂರು ರೂಪಾಯಿಯ ಅಲ್ಟ್ರಾವಯಲೆಟ್ ಟಾರ್ಚ್ ತರಿಸಿದೆ, ಮರಳಿನಲ್ಲಿ ಜಿರ್ಕಾನ್ ಖನಿಜದ ಕಾಳಿದ್ದರೆ ಹೊಳೆಯುತ್ತೇನೋ ಅಂತ. ಹೊಳೆದದ್ದು ನನ್ನ ಅಂಗಿಯ ಸೋಪು.

ನೂರಾ ಚಿಲ್ಲರೆ ಮರಿಗೆ ಆದಮೇಲೆ ಒಂದು ತೋಡಿನಿಂದ ಪಕ್ಕದ ತೋಡಿಗೆ ಕಯನೈಟ್ ಸರಕ್ಕನೆ ಮಾಯ. ಅಲ್ಲಿ ಗೆರೆ ಎಳೆದೆ. ಯಾರೂ ನಂಬಲಿಲ್ಲ. ಹೋದ ಬೇಸಗೆಯಲ್ಲಿ ತೋಟದ ರಸ್ತೆಗೆ ಜೆಸಿಬಿ ಕಡಿದಾಗ, ನನ್ನ ಗೆರೆಯಿಂದ ಇನ್ನೂರು ಹೆಜ್ಜೆಯೊಳಗೆ, ಒಂದು ಬದಿ ಎಣ್ಣೆ ಸವರಿದಂಥ ಕರಿಗಲ್ಲು, ಇನ್ನೊಂದು ಬದಿ ಪುಸ್ತಕದ ಹಾಳೆಯಂತೆ ನುರಿದು ಚಪ್ಪಟೆಯಾದ ಕಲ್ಲು. ಚಿನ್ನ? ಒಂದು ಕಾಳೂ ಇಲ್ಲ.

ಭಾವ ಬಂದು ಸುಮ್ಮನೆ ನೋಡಿದರು. ಈಗ ಬೋರ್‌ವೆಲ್ ಪಾಯಿಂಟ್ ಹೇಳು ಅಂತ ಹಿಂದೆ ಬಿದ್ದಿದ್ದಾರೆ. ಮರಿಗೆಗೆ ನೀರಿನ ಸುದ್ದಿ ಗೊತ್ತಾಗಲ್ಲ ಅಂದರೆ, ಮುಚ್ಚಿಡ್ತೀಯ ಅಂತಾರೆ.